ಇಂಗ್ಲಿಷರ ಗುತ್ತಿನಲ್ಲಿ ಮನೆ ನೋಡುವ ಶಾಸ್ತ್ರ

ಜನವರಿ 18, 2025, ಶನಿವಾರ
ಅಲ್ ಬರ್ಷಾ

ಈ ಪುಸ್ತಕ ಕಂಪೆನಿಯವರು ಹೊಸ ವರ್ಷಕ್ಕೆಂದು ಕೊಟ್ಟದ್ದು. ಹದಿನೇಳು ಪುಟ ಖಾಲಿ ಬಿಟ್ಟಿದ್ದೆ. ಇವತ್ತು ಬರೆಯದೆ ಕುಳಿತರೆ ಯಾರ ಮೇಲಾದರೂ ಹರಿಹಾಯುವುದು ಖಂಡಿತ, ಹಾಗಾಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ದೋಸೆಯ ತುಂಡು ಬಾಯಲ್ಲಿರುವಾಗಲೇ ಶರ್ಮಿಳಾ ಹೇಳಿದಳು, "ಪಪ್ಪಾ, ನಾನು ಲೆಸ್ಟರನ್ನು ಮದುವೆ ಆಗ್ಬೇಕು ಅಂತ ಇದ್ದೇನೆ."

ಲೆಸ್ಟರ್ ಎಂದರೆ ಯಾರು ಎಂದು ಕೇಳಿದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅಂದರೆ ಪ್ರಫುಲ್ಲಾಗೆ ಮೊದಲೇ ಗೊತ್ತು. ಈ ಮನೆಯಲ್ಲಿ ಯಾವ ಸುದ್ದಿಯೂ ನನ್ನ ಬಳಿ ಬರುವಷ್ಟರಲ್ಲಿ ಹಳಸಿರುತ್ತದೆ.

ಹುಡುಗ ಮಂಗಳೂರಿನ ಕ್ರಿಶ್ಚಿಯನ್. ಅಬುಧಾಬಿಯ ಆಚೆ ರುವೈಸಿನಲ್ಲಿ ಇಂಜಿನಿಯರ್. ತಂದೆ ಆಸ್ವಾಲ್ಡ್ ಇಲ್ಲಿಯೇ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮಾಡಿಕೊಂಡಿದ್ದರಂತೆ. ತಾಯಿ ಫೆಲ್ಸಿ ನರ್ಸ್. ಎಂಟು ವರ್ಷದ ಹಿಂದೆ ಫೆಲ್ಸಿಗೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಗಂಡ ಹೆಂಡತಿ ಅಲ್ಲಿಗೆ ಹೋದರಂತೆ. ಈಗ ಆಸ್ವಾಲ್ಡ್ ನಾನೂರು ವರ್ಷ ಹಳೆಯ ಒಂದು ಬಂಗಲೆಯನ್ನು ನೋಡಿಕೊಳ್ಳುತ್ತಾರಂತೆ. ಟಿಕೆಟ್ ತೆಗೆದುಕೊಂಡು ಜನ ನೋಡಲು ಬರುವಂಥ ಬಂಗಲೆ.

"ನಿಮಗೆ ಎಷ್ಟು ಟೈಮ್ ಬೇಕು ಪಪ್ಪಾ?" ಎಂದು ಶರ್ಮಿಳಾ ಕೇಳಿದಳು. ಬೇಡ ಎನ್ನುತ್ತೀರಾ ಎಂದು ಕೇಳಲಿಲ್ಲ, ಹೂಂ ಎನ್ನಿ ಎಂದು ಕಾಲು ಹಿಡಿಯಲೂ ಇಲ್ಲ. ಟೈಮ್ ಎಷ್ಟು ಬೇಕಂತೆ!

ನಾನು ಯಾರೆಂದು ಇವಳು ಮರೆತಿದ್ದಾಳೆ. ಹೊಸ ಫ್ಲ್ಯಾಟನ್ನು ಮಾಲಿಕರು ವಹಿಸಿಕೊಳ್ಳುವ ಮೊದಲು ಒಳಗೆ ಹೋಗಿ, ಕುಂದು ಹುಡುಕಿ, ಪಟ್ಟಿ ಮಾಡುವುದು ನನ್ನ ಕೆಲಸ. ಇದಕ್ಕೆ ಇಲ್ಲಿ ಸ್ನ್ಯಾಗಿಂಗ್ ಎನ್ನುತ್ತಾರೆ. ಬಾಗಿಲು ಉಜ್ಜುತ್ತದೆಯೇ, ಬಾತ್‌ರೂಮಿನ ನೆಲ ಸರಿಯಾದ ಕಡೆಗೆ ಇಳಿಜಾರಿದೆಯೇ, ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತದೆಯೇ. ಇಪ್ಪತ್ತೆರಡು ವರ್ಷಗಳಿಂದ, ನನ್ನ ಸಹಿ ಬೀಳದೆ ಬೀಗದ ಕೈ ಯಾರ ಕೈಗೂ ಹೋದದ್ದಿಲ್ಲ. ಮಗಳು ಹೋಗುತ್ತಾಳೆಯೇ?

ಆ ಹುಡುಗನ ಪಟ್ಟಿ ಶುರು ಮಾಡಿದ್ದೇನೆ. ಜಾತಿ ಬೇರೆ. ಊರು ರುವೈಸು, ಇಲ್ಲಿಂದ ಮೂರೂವರೆ ಗಂಟೆ. ಸದ್ಯಕ್ಕೆ ಎರಡು.

ಫೆಬ್ರವರಿ 2, ಆದಿತ್ಯವಾರ

ಆ ಹುಡುಗ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟ, ಬಾಗಿ ನಮಸ್ಕಾರ ಮಾಡಿದ, ಪ್ರಫುಲ್ಲಾಳ ನೀರುದೋಸೆ ಒಂಬತ್ತು ತಿಂದ. ನನ್ನ ಮಗಳಿಗಿಂತ ಚೆನ್ನಾಗಿ ತುಳು ಮಾತಾಡುತ್ತಾನೆ. ಇದು ನನಗೆ ಹಿಡಿಸಲಿಲ್ಲ. ದೂರಲು ಒಂದು ಕಾರಣ ಕಡಿಮೆಯಾಯಿತು.

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ, "ನೋಡು, ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡದೆ ಮಾತು ಕೊಡುವ ಕ್ರಮ ನಮ್ಮಲ್ಲಿಲ್ಲ."

"ನಮ್ಮಲ್ಲೂ ಹಾಗೇ ಅಂಕಲ್," ಎಂದ. ಆಮೇಲೆ ಕಿವಿ ಕೆರೆದುಕೊಂಡ. "ಆದ್ರೆ ಮನೆ ಅಂದ್ರೆ... ರುವೈಸಿಂದು ಕಂಪೆನಿದು. ಊರಿಂದು, ಕುಲಶೇಖರದ್ದು, ಪಾಲಾಗಿ ಮಾರಿ ಆಯ್ತು. ಡ್ಯಾಡಿ ಮಮ್ಮಿ ಇರುವುದು ಆ ಬಂಗಲೆಯಲ್ಲೇ. ಕುದುರೆ ಲಾಯದ ಮೇಲೆ ಎರಡು ರೂಮ್ ಕೊಟ್ಟಿದ್ದಾರೆ."

"ಹಾಗಾದರೆ ಅದನ್ನೇ ನೋಡುವ," ಎಂದೆ. ವೀಸಾ, ಟಿಕೆಟ್, ರಜೆ ಎಂದು ನೂರೆಂಟು ತಾಪತ್ರಯ, ಯಾರು ಹೋಗುತ್ತಾರೆ, ವಿಷಯ ಖಲಾಸ್ ಎಂದು ಒಳಗೊಳಗೇ ನೆಮ್ಮದಿಯಾಗಿತ್ತು. ಅಷ್ಟರಲ್ಲಿ ಶರ್ಮಿಳಾ ಮೊಬೈಲಿನಿಂದ ಕಣ್ಣೆತ್ತದೆ, "ಜೂನಲ್ಲಿ ಈದ್ ರಜೆ ಉಂಟು ಪಪ್ಪಾ. ನಾಲ್ಕು ಟಿಕೆಟ್ ನೋಡ್ತಾ ಇದ್ದೇನೆ," ಎಂದಳು.

ಪ್ರಫುಲ್ಲಾ ಒಳಗೆ ಹೋಗಿ ನಕ್ಕದ್ದು ನನಗೆ ಕೇಳಿಸಿತು.

ಮಾರ್ಚ್ 12, ಬುಧವಾರ

ರಂಜಾನ್, ಕೆಲಸ ಬೇಗ ಮುಗಿಯಿತು. ವೀಸಾಕ್ಕೆ ಬೆರಳಚ್ಚು ಕೊಟ್ಟು ಬಂದೆವು. ಭೇಟಿಯ ಉದ್ದೇಶವೇನು ಎಂಬಲ್ಲಿ 'ಗಂಡಿನ ಮನೆ ನೋಡಲಿಕ್ಕೆ' ಎಂದು ಬರೆಯಬೇಕೆಂದು ಪ್ರಫುಲ್ಲಾ ಹಟ ಹಿಡಿದಳು. ಶರ್ಮಿಳಾ 'ಪ್ರವಾಸ' ಎಂದು ಒತ್ತಿದಳು. ವೀಸಾ ಸಿಗಲಿಕ್ಕಿಲ್ಲ.

ಏಪ್ರಿಲ್ 25, ಶುಕ್ರವಾರ

ವೀಸಾ ಸಿಕ್ಕಿತು. ಮೂವರಿಗೂ. ಆ ಹುಡುಗನಿಗೆ ಮೊದಲೇ ಇತ್ತು.

ಇನ್ನೊಂದು ತಲೆನೋವು. ಪ್ರಫುಲ್ಲಾ ಬಂಗಲೆಯ ಫೋಟೋವನ್ನು ತನ್ನ ಮಹಿಳಾ ಮಂಡಳಿಯ ಗ್ರೂಪಿಗೆ ಹಾಕಿದ್ದಾಳೆ. ಕೆಳಗೆ ಬರೆದದ್ದು: 'ಹುಡುಗನ ತಂದೆ ತಾಯಿ ಇರುವ ಮನೆ.' ನೂರಾ ನಾಲ್ಕು ಕಿಟಕಿ, ಎದುರು ಹುಲ್ಲುಹಾಸು, ನವಿಲಿನ ಆಕಾರಕ್ಕೆ ಕತ್ತರಿಸಿದ ಗಿಡಗಳು. ಗ್ರೂಪಿನಲ್ಲಿ ಯಾರೋ 'ಇದು ಇಂಗ್ಲಿಷರ ಗುತ್ತಿನ ಮನೆ' ಎಂದು ಬರೆದರಂತೆ. ಊರಿನಲ್ಲಿ ಹಳೆಯ ಜಮೀನ್ದಾರರ ಗುತ್ತಿನ ಮನೆಯ ಸಂಬಂಧ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಈಗ ಅಲ್ ಬರ್ಷಾದಿಂದ ಅಲ್ ಮುರಕ್ಕಬಾತ್‌ವರೆಗೆ ನಮ್ಮ ಪುಣ್ಯದ ಮಾತೇ.

"ಯಾಕೆ ಸುಳ್ಳು ಹೇಳಿದೆ?" ಎಂದು ಗದರಿದೆ.

"ಎಂತ ಸುಳ್ಳು ಮಾರಾಯ್ರೆ? ಅವರು ಅಲ್ಲಿ ಇದ್ದಾರಾ ಇಲ್ವಾ?"

"ಮನೆ ಅವರದ್ದಲ್ಲವಲ್ಲ!"

"ಇದು ನಿಮ್ಮದಾ?" ಎಂದು ನಮ್ಮ ಗೋಡೆಯನ್ನು ಬೆರಳಿನಿಂದ ಕುಟ್ಟಿ ತೋರಿಸಿದಳು. ನಾವು ಈ ಫ್ಲ್ಯಾಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಬಾಡಿಗೆಗಿದ್ದೇವೆ. ನಾನು ಕ್ರಿಕೆಟ್ ನೋಡಲು ಹೋದೆ.

ಮೇ 29, ಗುರುವಾರ

ಪ್ಯಾಕಿಂಗ್. ನನ್ನ ಟಾರ್ಚು, ಗೋಡೆಯ ತೇವ ಅಳೆಯುವ ಯಂತ್ರ, ನೆಲದ ಇಳಿಜಾರು ನೋಡುವ ಗೋಲಿ, ನೋಟ್‌ಬುಕ್ಕು. ಪ್ರಫುಲ್ಲಾಳದ್ದು ಒಣ ಸಿಗಡಿ, ಪುನರ್ಪುಳಿ, ಹಪ್ಪಳ. ಇಬ್ಬರೂ ಒಬ್ಬರ ಪೆಟ್ಟಿಗೆ ನೋಡಿ ಒಬ್ಬರು ನಕ್ಕೆವು.

ಮುಲ್ಕಿಯ ದೊಡ್ಡಮ್ಮನಿಗೆ ಫೋನ್ ಮಾಡಿದೆ. ತೊಂಬತ್ತೊಂದು ವರ್ಷ, ನೆನಪು ಮಾತ್ರ ನನಗಿಂತ ಚುರುಕು. ಹುಡುಗನ ಜಾತಿಯನ್ನು ಎರಡು ಸಲ ಕೇಳಿ, ಆಮೇಲೆ ಶಾಸ್ತ್ರ ಹೇಳಿದರು. ಗಂಡಿನ ಮನೆ ನೋಡಲು ಹೋದವರು ನೀರು ನೋಡಬೇಕು, ಅಡಿಗೆಮನೆ ನೋಡಬೇಕು. ಸಂಬಂಧ ಮನಸ್ಸಿಗೆ ಬಾರದಿದ್ದರೆ ಅಲ್ಲಿ ಊಟ ಮಾಡಕೂಡದು. "ಉಂಡ್ರೆ ಒಪ್ಪಿದ ಹಾಗೆ ಪುರಂದರ. ಜಾಗ್ರತೆ."

ಚಾ ಕುಡಿಯಬಹುದೇ ಎಂದು ಕೇಳಿದೆ. ಕುಡಿಯಬಹುದಂತೆ. ಬಿಸ್ಕತ್ತಿನ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲವಂತೆ. ನಾಲ್ಕು ಪ್ಯಾಕೆಟ್ ಕಟ್ಟಿಕೊಂಡಿದ್ದೇನೆ.

ಜೂನ್ 5, ಗುರುವಾರ
ಕುದುರೆ ಲಾಯದ ಮೇಲಿನ ಕೋಣೆ, ಇಂಗ್ಲೆಂಡ್

ಬಂಗಲೆಯ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ. ದೊಡ್ಡಮನೆ ಎಂದೇ ಬರೆಯುತ್ತೇನೆ.

"ಬಲೆ ಬಲೆ, ಎಂಚ ಉಲ್ಲರ್?" ಎಂದು ಆಸ್ವಾಲ್ಡ್ ಸ್ಟೇಷನ್ನಿನಲ್ಲೇ ಜೋರಾಗಿ ತುಳುವಿನಲ್ಲಿ ಕುಶಲ ಕೇಳಿದರು. ನಾಲ್ಕು ಇಂಗ್ಲಿಷರು ತಿರುಗಿ ನೋಡಿದರು. ಮನುಷ್ಯ ಸಣಕಲ, ಕೋಟು ಇಸ್ತ್ರಿ ಹಾಕಿದ್ದು. ಫೆಲ್ಸಿ ಬಾಯಿ ಪ್ರಫುಲ್ಲಾಳ ಕೈ ಹಿಡಿದವರು ಬಿಡಲೇ ಇಲ್ಲ.

ರಾತ್ರಿಗೆ ಸಣ್ಣ, ಅಂದರೆ ಅವರ ಕಡೆಯ ಇಡ್ಲಿ, ಮತ್ತು ಕೋಳಿ ಸಾರು. ಹೊಟ್ಟೆ ಸರಿಯಿಲ್ಲ ಎಂದೆ. ಇಡೀ ಕೋಣೆ ಕೋಳಿ ಸಾರಿನ ಪರಿಮಳ. ಹುಬ್ಬಿದ ಬಿಳಿ ಸಣ್ಣಗಳನ್ನು ಆ ಹುಡುಗ ಎರಡೆರಡೇ ತಟ್ಟೆಗೆ ಹಾಕಿಕೊಳ್ಳುವುದನ್ನು ನೋಡುತ್ತಾ ಚಾ ಕುಡಿದೆ. ಪ್ರಫುಲ್ಲಾ ದೊಡ್ಡಮ್ಮನ ಕಾನೂನು ತನಗೆ ಅನ್ವಯಿಸದು ಎನ್ನುವಂತೆ ತಿಂದಳು. ಬಿಸ್ಕತ್ತು: ಹನ್ನೊಂದು.

ಜೂನ್ 6, ಶುಕ್ರವಾರ

ಎಲ್ಲವನ್ನೂ ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ, ಆದರೂ.

ಜನರಿಗೆ ಬಾಗಿಲು ತೆರೆಯುವುದು ಹನ್ನೊಂದು ಗಂಟೆಗೆ. ಎಂಟಕ್ಕೇ ಆಸ್ವಾಲ್ಡ್ ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಮೊದಲಿಗೆ ಒಂದು ದೊಡ್ಡ ಚಾವಡಿ, ನಮ್ಮ ಇಡೀ ಫ್ಲ್ಯಾಟು ಅದರ ಒಲೆಯೊಳಗೆ ಹಿಡಿಯುತ್ತದೆ. ಗೋಡೆ ತುಂಬ ಹಿರಿಯರ ಚಿತ್ರಗಳು, ಒಬ್ಬರ ಮುಖದಲ್ಲೂ ನಗುವಿಲ್ಲ. ಪುಸ್ತಕದ ಕೋಣೆಯಲ್ಲಿ ನನ್ನ ಯಂತ್ರ ಗೋಡೆಗೆ ತಾಗಿಸಿದ್ದೇ ತಡ, ಕೀಂ ಎಂದು ಕೂಗಿತು. ಬರೆದುಕೊಂಡೆ. ಉದ್ದದ ಪಡಸಾಲೆಯಲ್ಲಿ ಗೋಲಿ ನೆಲಕ್ಕಿಟ್ಟೆ. ಅದು ತಾನಾಗಿ ಹೊರಟು, ಅಡ್ಡಕಟ್ಟಿದ ಹಗ್ಗದ ಕೆಳಗೆ ನುಸುಳಿ, ಯಾರೋ ರಾಣಿ ಕೊಟ್ಟ ಕಪಾಟಿನಡಿಗೆ ಹೋಗಿ ಸೇರಿತು.

ಆಸ್ವಾಲ್ಡ್ ಹೊಟ್ಟೆ ಹಿಡಿದು ನಕ್ಕರು. "ಈ ನೆಲ ನಾನೂರು ವರ್ಷದಿಂದ ಹೀಗೇ ಉಂಟು ಪುರಂದರಣ್ಣ. ಬಿಲ್ಡರಿಗೆ ಫೋನ್ ಮಾಡುವ ಅಂದ್ರೆ ನಂಬರ್ ಇಲ್ಲ!"

ಮನೆ ಅವರದ್ದಲ್ಲ. ಆದರೆ ಯಾವ ಕಿಟಕಿ ಮಳೆಗೆ ಉಬ್ಬುತ್ತದೆ, ಯಾವ ಮೆಟ್ಟಿಲು ಕಿರುಗುಟ್ಟುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಹೋಗುತ್ತಾ ಹೋಗುತ್ತಾ ಕೋಟಿನ ತೋಳಿನಿಂದ ಒಂದು ಹಿತ್ತಾಳೆ ಹಿಡಿಯನ್ನು ಒರೆಸಿದರು. ಇಂಥವರು ಕಟ್ಟಡಕ್ಕೆ ಒಬ್ಬರಿದ್ದರೆ ನನ್ನಂಥವರಿಗೆ ಕೆಲಸವಿರುವುದಿಲ್ಲ.

ಮೇಲಿನ ಮಹಡಿಯಲ್ಲಿ ಒಂದು ಸ್ನಾನದ ಮನೆ. ತಾಮ್ರದ ತೊಟ್ಟಿ, ಹಿತ್ತಾಳೆಯ ನಲ್ಲಿ, ಎದುರಿಗೆ ಹಗ್ಗ. "ಅದು ಬರೀ ನೋಡ್ಲಿಕ್ಕೆ, ನೂರು ವರ್ಷದಿಂದ ನೀರಿಲ್ಲ," ಎಂದು ಹೇಳಿ ಆಸ್ವಾಲ್ಡ್ ತೋಟದ ಕಾರಂಜಿ ಬಿಡಲು ಕೆಳಗೆ ಹೋದರು. ನಾನೂ ಪ್ರಫುಲ್ಲಾಳೂ ಉಳಿದೆವು.

ಹಗ್ಗ ದಾಟಿದೆ.

"ಮುಟ್ಬೇಡಿ ಮಾರಾಯ್ರೆ," ಎಂದಳು ಪ್ರಫುಲ್ಲಾ.

"ನೀರು ನೋಡದೆ ಮನೆ ನೋಡಿದ ಹಾಗಾಗುತ್ತದಾ?" ಎಂದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ 'ನೀರಿಲ್ಲ' ಎಂದು ಬರೆದು, ಅಡಿಗೆರೆ ಎಳೆದು, ತೋಟಕ್ಕೆ ಹೋದೆವು.

ತೋಟ ಚೆನ್ನಾಗಿದೆ. ಕುಂದು ಸಿಗಲಿಲ್ಲ. ಗಿಡದ ನವಿಲುಗಳನ್ನು ದಾಟಿದರೆ ಗುಲಾಬಿ, ಗುಲಾಬಿಯ ಆಚೆ ಎತ್ತರದ ಇಟ್ಟಿಗೆ ಗೋಡೆಯೊಳಗೆ ತರಕಾರಿ ತೋಟ. ಗೋಡೆಗೆ ಪೇರ್ ಮರಗಳನ್ನು ಕೈ ಚಾಚಿಸಿ ಕಟ್ಟಿದ್ದಾರೆ. ಮೂಲೆಯಲ್ಲಿ ಹಿಂದಿನ ದೊರೆಗಳು ದ್ರಾಕ್ಷಿ ಬೆಳೆಸುತ್ತಿದ್ದ ಗಾಜಿನ ಮನೆ. ಒಳಗೆ ಕಾಲಿಟ್ಟ ಪ್ರಫುಲ್ಲಾ ಕಿರುಚಿದಳು. ನಾನು ಹಾವೆಂದುಕೊಂಡೆ. ಬಸಳೆ! ದ್ರಾಕ್ಷಿಯ ತಂತಿಯ ಮೇಲೆ ಫೆಲ್ಸಿ ಬಾಯಿಯ ಬಸಳೆ ಹಬ್ಬಿ ನಿಂತಿದೆ. ಬುಡದಲ್ಲಿ ಕೆಂಪು ಹರಿವೆ. ತೋಟದವರು ಒಪ್ಪಿಗೆ ಕೊಟ್ಟಿದ್ದಾರಂತೆ, ಬರುವ ಜನರೆಲ್ಲ ಅದರದ್ದೇ ಫೋಟೋ ತೆಗೆಯುತ್ತಾರಂತೆ. ಒಣ ಸಿಗಡಿ ತಂದದ್ದು ಸಾರ್ಥಕವಾಯಿತೆಂದು ಇಬ್ಬರು ಹೆಂಗಸರೂ ಅಲ್ಲೇ ಎಲೆ ಕೊಯ್ಯಲು ಕುಳಿತರು.

ಅಷ್ಟರಲ್ಲಿ ಕಾರಂಜಿ ಚಿಮ್ಮಿತು. ಪೇರ್ ಮರದ ಹತ್ತಿರ ಶರ್ಮಿಳಾ ಏನೋ ಹೇಳಿದಳು, ಲೆಸ್ಟರ್ ನಕ್ಕ. ಅವಳು ಹಾಗೆ ನಿರಾಳವಾಗಿ ನಿಂತದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಬೆಂಚಿನ ಮೇಲೆ ಕುಳಿತೇ ಇದ್ದೆ, ಮುಕ್ಕಾಲು ಗಂಟೆಯಾದರೂ ಆಗಿರಬೇಕು.

ಆಮೇಲೆ ದೊಡ್ಡಮನೆಯೊಳಗಿಂದ ಯಾರೋ ಕೂಗಿದರು.

ಊಟದ ಕೋಣೆಯ ಛಾವಣಿಯಲ್ಲಿ ಗಾರೆಯಿಂದ ಮಾಡಿದ ಹೂಬಳ್ಳಿ ಇದೆ. ಬಳ್ಳಿಯ ತುದಿ ತುದಿಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಆ ಕ್ಷಣವೇ ಅರ್ಥವಾಯಿತು. ಮೇಲಕ್ಕೆ ಓಡಿದೆ. ನಲ್ಲಿ ಭೋರ್ಗರೆಯುತ್ತಿತ್ತು, ತೊಟ್ಟಿ ತುಂಬಿ ನೆಲದ ಮೇಲೆ ಹರಿಯುತ್ತಿತ್ತು. ಕಾರಂಜಿಗೆ ಗುಡ್ಡದ ಟ್ಯಾಂಕಿಯಿಂದ ನೀರು ಬಿಟ್ಟದ್ದು ಹಳೆಯ ಪೈಪಿನಲ್ಲಿ ಇಲ್ಲಿಗೂ ಏರಿದೆ. ಆ ಪೈಪು ಇನ್ನೂ ಜೀವಂತ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬನಿಗೂ ನಾನು ಮೊದಲ ದಿನ ಹೇಳಿಕೊಡುವ ಪಾಠ ಇದು: ನೀರು ಬಾರದ ನಲ್ಲಿಯನ್ನು ತೆರೆದಿಟ್ಟು ಬರಬಾರದು. ಇಪ್ಪತ್ತೆರಡು ವರ್ಷ ಹೇಳಿದ್ದೇನೆ.

ನಲ್ಲಿ ಮುಚ್ಚಿ ತಿರುಗಿದಾಗ ಬಾಗಿಲಲ್ಲಿ ಆಸ್ವಾಲ್ಡ್ ನಿಂತಿದ್ದರು, ಹಿಂದೆ ಲೆಸ್ಟರ್. ನನ್ನ ಕೈ ಇನ್ನೂ ನಲ್ಲಿಯ ಮೇಲಿತ್ತು. ಅವರ ಹಿಂದೆಯೇ ದೊಡ್ಡಮನೆ ನಡೆಸುವ ಟ್ರಸ್ಟಿನ ಮ್ಯಾನೇಜರ್ ಮೇಡಂ ಏದುಸಿರು ಬಿಡುತ್ತಾ ಬಂದು, ಇದು ಯಾರ ಕೆಲಸ ಎಂದು ಕೇಳಿದರು.

ಆಸ್ವಾಲ್ಡ್ ಇಂಗ್ಲಿಷಿನಲ್ಲಿ ಹೇಳಿದರು: "ನಾನೇ ಮೇಡಂ. ಬೆಳಿಗ್ಗೆ ಒರೆಸುವಾಗ ತಿರುಗಿ ಹೋಗಿರಬೇಕು."

ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಜೂನ್ 7, ಶನಿವಾರ

ದೊಡ್ಡಮನೆಗೆ ಇವತ್ತು ಬೀಗ. ಇಡೀ ದಿನ ನೆಲ ಒರೆಸಿದೆವು. ಸೋಮವಾರ ಟ್ರಸ್ಟಿನವರು ಸಭೆ ಸೇರಿ ಆಸ್ವಾಲ್ಡರ ವಿಷಯ ತೀರ್ಮಾನಿಸುತ್ತಾರಂತೆ. ಕೆಲಸ ಹೋದರೆ ಈ ಎರಡು ಕೋಣೆಯೂ ಹೋಗುತ್ತದೆ.

ಸಂಜೆ ಲೆಸ್ಟರ್ ಬಂದು, "ಅಂಕಲ್, ಚಾ," ಎಂದು ಲೋಟ ಇಟ್ಟು ಹೋದ. ಒಮ್ಮೆ ಮುಖ ಗಂಟಿಕ್ಕಿದ್ದರೂ ಪಟ್ಟಿಗೆ ಸೇರಿಸಬಹುದಿತ್ತು.

ಬಿಸ್ಕತ್ತು ಸೇರಲಿಲ್ಲ.

ಜೂನ್ 8, ಆದಿತ್ಯವಾರ

ಬೆಳಿಗ್ಗೆ ಮ್ಯಾನೇಜರ್ ಮೇಡಮ್ಮಿನ ಆಫೀಸಿಗೆ ಹೋದೆ. ಯಾರಿಗೂ ಹೇಳಿರಲಿಲ್ಲ. ಅಂಗಳ ದಾಟುವಾಗ ನೋಡಿದರೆ ಲೆಸ್ಟರ್ ಪಕ್ಕದಲ್ಲಿ ನಡೆಯುತ್ತಿದ್ದಾನೆ. ಇಬ್ಬರೂ ಒಟ್ಟಿಗೇ ಒಳಗೆ ಹೋದೆವು.

ನನ್ನ ಇಂಗ್ಲಿಷು ಸೈಟಿನ ಇಂಗ್ಲಿಷು. ಹಗ್ಗ ದಾಟಿದ್ದು ನಾನು, ನಲ್ಲಿ ತೆರೆದದ್ದು ನಾನು, ಮುಚ್ಚದೆ ಬಂದದ್ದು ನಾನು, ಕೇಳಿದಾಗ ಸುಮ್ಮನಿದ್ದದ್ದೂ ನಾನು ಎಂದು ಹೇಳಿದೆ.

ಯಾಕೆ ತೆರೆದಿರಿ ಎಂದು ಮೇಡಂ ಕೇಳಿದರು.

ಮಗಳನ್ನು ಕೊಡುವ ಮೊದಲು ಗಂಡಿನ ಮನೆ ನೋಡುವ ಕ್ರಮವಿದೆ, ಅದರಲ್ಲಿ ನೀರು ನೋಡುವುದು ಮುಖ್ಯ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮತ್ತೆ? ನೀರು ಹೇಗಿತ್ತು?"

"ಪ್ರೆಷರ್ ತುಂಬಾ ಚೆನ್ನಾಗಿದೆ ಮೇಡಂ."

ಲೆಸ್ಟರ್ ಕೆಮ್ಮಿದ. ಮೇಡಂ ನಗಲಿಲ್ಲ, ಆದರೆ ಕನ್ನಡಕವನ್ನು ಎರಡು ಸಲ ಒರೆಸಿದರು. ತೀರ್ಮಾನ ತನ್ನ ಕೈಯಲ್ಲಿಲ್ಲ, ಹೇಳಿದ್ದನ್ನೆಲ್ಲ ಬರೆದು ಕೊಡಿ ಎಂದರು. ಬರೆದೆ. ನನ್ನ ಹೆಸರಿನ ಮೇಲೆ ನಾನೇ ಬರೆದ ಮೊದಲ ಸ್ನ್ಯಾಗ್ ರಿಪೋರ್ಟು.

ಮಧ್ಯಾಹ್ನದವರೆಗೆ ಆಸ್ವಾಲ್ಡ್, ಲೆಸ್ಟರ್, ನಾನು ಮೂವರೂ ಸೇರಿ ಆ ಹಳೆಯ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹುಡುಕಿದೆವು. ನಾನು ತಟ್ಟಿ ಹೇಳುವುದು, ಲೆಸ್ಟರ್ ನಕ್ಷೆ ಬರೆಯುವುದು. ಗೆರೆ ನೇರವಾಗಿ ಎಳೆಯುತ್ತಾನೆ. ಇನ್ನೂ ಎರಡು ಕಡೆ ತೆರೆದ ಬಾಯಿ ಸಿಕ್ಕಿತು, ಅವುಗಳಿಗೆ ಮುಚ್ಚಳ ಹಾಕಿ ಬಂದೆವು.

"ನೀವು ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ?" ಎಂದು ಏಣಿಯ ಬುಡದಲ್ಲಿ ಆಸ್ವಾಲ್ಡರನ್ನು ಕೇಳಿದೆ.

"ಎಂತ ಹೇಳುವುದು ಪುರಂದರಣ್ಣ, ಮನೆ ನೋಡ್ಲಿಕ್ಕೆ ಬಂದವರು ನೀವು. ಬಂದವರನ್ನು ಬಿಟ್ಟುಕೊಡ್ಲಿಕ್ಕೆ ಆಗ್ತದಾ?" ಎಂದರು. "ಮಾಫಿ ಮುಶ್ಕಿಲ್, ಏನೂ ತೊಂದ್ರೆ ಇಲ್ಲ. ಈಗ ಊಟ."

ಕೆಲಸ ಮಾಡಿ ಹಸಿವೆಯಾಗಿತ್ತು. ಬಸಳೆ ಸಿಗಡಿ, ಸಣ್ಣ, ಮೊನ್ನೆಯ ಕೋಳಿ ಸಾರು. ಎಂಟು ಸಣ್ಣ ತಿಂದೆ. ಫೆಲ್ಸಿ ಬಾಯಿ ಬಡಿಸುತ್ತಲೇ ಇದ್ದರು. ಪ್ರಫುಲ್ಲಾ ತನ್ನ ಊಟ ಬಿಟ್ಟು ನನ್ನ ತಟ್ಟೆಯನ್ನೇ ನೋಡುತ್ತಾ ಮುಗುಳ್ನಗುತ್ತಿದ್ದಳು. ಶರ್ಮಿಳಾ ಯಾಕೋ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಹೆಂಗಸರ ಮನಸ್ಸು ನನಗೆ ತಿಳಿಯುವುದಿಲ್ಲ.

ನಾಳೆ ವಾಪಸು.

ಜೂನ್ 24, ಮಂಗಳವಾರ
ಅಲ್ ಬರ್ಷಾ

ಹದಿನೈದು ದಿನ ಫೋನ್ ಬಡಿದಾಗಲೆಲ್ಲ ಓಡಿ ಹೋಗಿ ನೋಡುತ್ತಿದ್ದೆ. ಇವತ್ತು ಆಸ್ವಾಲ್ಡ್ ಫೋನ್ ಮಾಡಿದರು. ಕೆಲಸ ಉಳಿಯಿತು. ಹೊರಗಿನವರನ್ನು ಹೊತ್ತಿಗೆ ಮೊದಲು ಒಳಗೆ ಬಿಟ್ಟದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಎಚ್ಚರಿಕೆಯ ಪತ್ರ ಬಂದಿದೆ. ಗಾರೆಯ ಬಳ್ಳಿಯ ಎರಡು ಎಲೆ ಉದುರಿದೆ, ರಿಪೇರಿಗೆ ಜನ ಬಂದಿದ್ದಾರೆ. ಪೈಪಿನ ನಕ್ಷೆಯನ್ನು ಮೇಡಂ ಫೈಲಿನಲ್ಲಿ ಇಟ್ಟುಕೊಂಡಿದ್ದಾರಂತೆ.

"ನಿಮಗೆ ಇಂಥ ಪತ್ರ ತರಿಸಿದೆನಲ್ಲ," ಎಂದೆ.

"ಮೂವತ್ತನಾಲ್ಕು ವರ್ಷದ ಸರ್ವಿಸಲ್ಲಿ ಮೊದಲ್ನೇದು. ಫ್ರೇಮ್ ಹಾಕಿಸ್ತೇನೆ," ಎಂದರು.

ಫೋನ್ ಇಟ್ಟ ಮೇಲೆ ಪ್ರಫುಲ್ಲಾಳ ಎದುರು ಕಣ್ಣೊರೆಸಿಕೊಂಡೆ. ಎಸಿಯ ಗಾಳಿಗೆ ಎಂದು ಹೇಳಲೂ ಹೋಗಲಿಲ್ಲ.

ಜುಲೈ 20, ಆದಿತ್ಯವಾರ

ಮನೆಯಲ್ಲಿ ಗಲಾಟೆಯೋ ಗಲಾಟೆ. ಆಗಸ್ಟಿನಲ್ಲಿ ಅಬುಧಾಬಿಯ ಕೋರ್ಟಿನಲ್ಲಿ ಸಿವಿಲ್ ಮದುವೆ, ಡಿಸೆಂಬರಿನಲ್ಲಿ ಊರಲ್ಲಿ ಊಟ ಎಂದು ಇವರೇ ನಿಶ್ಚಯಿಸಿಕೊಂಡಿದ್ದಾರೆ. ನಾನು ಇನ್ನೂ ಹೂಂ ಎಂದಿಲ್ಲ. ಇದು ಎಲ್ಲರಿಗೂ ನೆನಪಿರಲಿ.

ಮದುವೆಗೆ ಬಂದರೆ ಆಸ್ವಾಲ್ಡ್, ಫೆಲ್ಸಿ ಬಾಯಿ ಒಂದು ವಾರ ಇಲ್ಲಿಯೇ ಉಳಿಯುವುದು. ಅವರಿಗೆಂದು ಒಳಕೋಣೆಯ ಮಂಚ ಸರಿಮಾಡಿಸಿದೆ, ಬಾತ್‌ರೂಮಿನ ನಲ್ಲಿ ಹೊಸದು ಹಾಕಿಸಿದೆ. ನಮ್ಮ ಲೆಸ್ಟರ್ ಗುರುವಾರ ಡ್ಯೂಟಿ ಮುಗಿಸಿ ಮೂರೂವರೆ ಗಂಟೆ ಓಡಿಸಿಕೊಂಡು ಬಂದ. ಇಷ್ಟು ದೂರ ಒಬ್ಬನೇ ಓಡಿಸಬೇಡ, ನಿದ್ದೆ ಬಂದರೆ ಏನು ಗತಿ ಎಂದು ಬೈದೆ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಮೆಸೇಜ್ ಹಾಕಬೇಕೆಂದು ಹೇಳಿದ್ದೇನೆ.

"ಪಪ್ಪಾ, ನೀವು ಎಂತ ಹೇಳ್ತೀರಿ?" ಎಂದು ಶರ್ಮಿಳಾ ರಾತ್ರಿ ಪಕ್ಕದಲ್ಲಿ ಕುಳಿತು ಕೇಳಿದಳು.

"ನೋಡುವ," ಎಂದೆ.

ಸುಮ್ಮನೆ ಹೇಳಿಬಿಟ್ಟರೆ ಅದಕ್ಕೇನು ಬೆಲೆ? ಕೋರ್ಟಿನಲ್ಲಿ ಹುಡುಗಿಯ ತಂದೆಯ ಒಪ್ಪಿಗೆ ಕೇಳುತ್ತಾರಲ್ಲ, ಎಲ್ಲರೆದುರು ದೊಡ್ಡದಾಗಿ ಸಹಿ ಹಾಕಿ ಆಗಲೇ ಹೇಳುವುದು. ಅದೇ ಚೆಂದ. ಹೊಸ ಪೆನ್ನು ತಂದಿಟ್ಟಿದ್ದೇನೆ.

ಆಗಸ್ಟ್ 20, ಬುಧವಾರ

ಬೆಳಿಗ್ಗೆ ಆರಕ್ಕೇ ಅಬುಧಾಬಿಯ ಕೋರ್ಟಿಗೆ ಹೊರಟೆವು. ಪ್ರಫುಲ್ಲಾ, ಫೆಲ್ಸಿ ಬಾಯಿ ಇಬ್ಬರದ್ದೂ ಒಂದೇ ಬಣ್ಣದ ಸೀರೆ. ಶರ್ಮಿಳಾ ಅಮ್ಮನ ಹಳೆಯ ಚಿನ್ನದ ಸರ ಹಾಕಿದ್ದಳು. ಅವಳನ್ನು ನೋಡಿ ನಾನು ಟ್ರಾಫಿಕ್ಕನ್ನು ಬೈದೆ.

ಕೌಂಟರಿನ ಹುಡುಗಿ ಕಾಗದವನ್ನು ಶರ್ಮಿಳಾಳ ಮುಂದಿಟ್ಟಳು. ಶರ್ಮಿಳಾ ಸಹಿ ಹಾಕಿದಳು. ಲೆಸ್ಟರ್ ಹಾಕಿದ. ನಾನು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮುಂದೆ ಬಾಗಿದೆ.

"ಬೇಡ ಸರ್, ಅವರಿಬ್ಬರದ್ದು ಸಾಕು," ಎಂದಳು ಹುಡುಗಿ ಇಂಗ್ಲಿಷಿನಲ್ಲಿ.

"ನಾನು ಹುಡುಗಿಯ ತಂದೆ."

"ಅಭಿನಂದನೆ ಸರ್."

ತಂದೆಯ ಒಪ್ಪಿಗೆ ಬರೆಯುವ ಜಾಗ ಎಲ್ಲಿ ಎಂದು ಕೇಳಿದೆ. ಅಂಥ ಜಾಗ ಈ ಕಾಗದದಲ್ಲಿ ಇಲ್ಲ ಎಂದಳು. ಕಾನೂನಿನಲ್ಲೇ ಅದು ಬೇಡವಂತೆ. ಆಸ್ವಾಲ್ಡ್ ನನ್ನ ಬೆನ್ನ ಮೇಲೆ ಕೈಯಿಟ್ಟರು. ಯಾರೋ ಫೋಟೋ ತೆಗೆದರು. ಮದುವೆ ಆಗಿಹೋಯಿತು.

ಹೊರಗೆ ಉಳಿದವರೆಲ್ಲ ಕಾರಿನ ಎಸಿಗೆ ಓಡಿದರು. ನಾನು ಪಾರ್ಕಿಂಗಿನಲ್ಲಿ ಶರ್ಮಿಳಾಳ ಕೈ ಹಿಡಿದು ನಿಲ್ಲಿಸಿದೆ.

"ನಿನಗೆ ಗೊತ್ತಿತ್ತಾ, ನನ್ನ ಸಹಿ ಬೇಡ ಅಂತ?"

"ಗೊತ್ತಿತ್ತು."

"ಯಾವಾಗಿಂದ?"

"ನಿಮ್ಗೆ ಹೇಳುವ ಮೊದ್ಲೇ. ಕಳೆದ ಡಿಸೆಂಬರಲ್ಲೇ ನೋಡಿದ್ದೆವು. ಒಂದು ವಾರದಲ್ಲಿ ಡೇಟ್ ಸಿಗ್ತಿತ್ತು."

"ಮತ್ತೆ ಇಷ್ಟೆಲ್ಲ ಯಾಕೆ? ವೀಸಾ, ಇಂಗ್ಲೆಂಡು, ಆ ಮನೆ ನೋಡುವುದು..."

"ನೀವು ಹೂಂ ಹೇಳ್ಬೇಕಿತ್ತು ಪಪ್ಪಾ. ಅದಕ್ಕೆ ಕಾದದ್ದು." ಅವಳು ನಕ್ಕಳು, ಆದರೆ ಕಣ್ಣು ತುಂಬಿತ್ತು. "ಇವತ್ತಾದ್ರೂ ಹೇಳ್ತೀರಿ ಅಂತ ಬೆಳಿಗ್ಗೆಯಿಂದ ನಿಮ್ಮ ಮುಖವನ್ನೇ ನೋಡ್ತಿದ್ದೆ."

ಏಳು ತಿಂಗಳು ನನ್ನ ಮಗಳು ಆ ಒಂದು ಅಕ್ಷರಕ್ಕೆ ಕಾದಿದ್ದಾಳೆ. ನಾನು ಅದನ್ನು ಮದುವೆಯಾಗಿ ಕಾಲು ಗಂಟೆಯ ಮೇಲೆ, ಪಾರ್ಕಿಂಗಿನ ಸುಡುಬಿಸಿಲಿನಲ್ಲಿ, ಅಳುತ್ತಾ ಹೇಳಿದೆ.